ಇಲಿ ಬಿದ್ದ ಮನೆ

1898ನೆಯ ಇಸವಿಯ ಆಗಸ್ಟ್ ಮಾಸದಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕ ಪ್ಲೇಗನ್ನು ನಗರಕ್ಕೆ ಮಾತ್ರ ಒದಗಿದ ವಿಪತ್ತೆಂದು ಭಾವಿಸುವವರುಂಟು. ಮಲ್ಲೇಶ್ವರ, ಬಸವನಗುಡಿಗಳ ಅಗಲವಾದ ಬೀದಿಗಳು ಆ ಮಾರಿಯ ನೆನಪನ್ನು ಇಂದಿಗೂ ಹೊತ್ತಿರುವುದರಿಂದ ಹಾಗೆ ತೋರುವುದು ಸಹಜವೇ. ಆದರೆ ಹುಬ್ಬಳ್ಳಿಯ ರೈಲು ಬೆಂಗಳೂರನ್ನು ಸೇರುವ ಮೊದಲು ನೆಲಮಂಗಲ ಸೀಮೆಯ ದೊಡ್ಡಬೆಲೆಯನ್ನು ಹಾದೇ ಬರಬೇಕು. ಗುಂತಕಲ್ಲಿನ ದಾರಿಯಾದರೋ ದೊಡ್ಡಬಳ್ಳಾಪುರದ ನೇಕಾರರ ಊರನ್ನೇ ಮುಟ್ಟಿಕೊಂಡು ಹೋಗುತ್ತದೆ. ಮನುಷ್ಯರಷ್ಟೇ ಅಲ್ಲದೆ ಧಾನ್ಯದ ಮೂಟೆಗಳೂ, ಮೂಟೆಗಳೊಳಗಿನ ಇಲಿ ಚಿಗಟಗಳೂ ಪ್ರಯಾಣ ಮಾಡುತ್ತಿದ್ದ ಮೇಲೆ, ಹಳ್ಳಿಗಳು ಉಳಿಯುವುದೆಂತು?

ರಾಗಿಯ ಸೀಮೆಯ ಮನೆಯೆಂದರೆ ಮಣ್ಣಿನ ಗೋಡೆ, ನಾಡಹಂಚಿನ ಮಾಡು, ಬೆಳಕು ಬಾರದ ನಡುಮನೆ, ಅದರ ಮೂಲೆಯಲ್ಲಿ ರಾಗಿ ತುಂಬಿದ ವಾಡೆ. ಇಲಿಗೆ ಅದಕ್ಕಿಂತ ಸುಖವಾದ ನಿವಾಸವು ಬೇರೊಂದಿಲ್ಲ. ಅಟ್ಟದಿಂದ ಇಲಿಯೊಂದು ತೂರಾಡುತ್ತ ಕೆಳಕ್ಕೆ ಬಿದ್ದು ಸತ್ತಿತೆಂದರೆ ಮನೆಯ ಹಿರಿಯರು ವೈದ್ಯನನ್ನಾಗಲಿ ಅಮಲ್ದಾರನನ್ನಾಗಲಿ ಕಾಯದೆ, ಪಾತ್ರೆ ಪದಾರ್ಥ, ಮಕ್ಕಳುಮರಿ, ದನಕರುಗಳೊಂದಿಗೆ ಊರಾಚೆಯ ಹೊಲಕ್ಕೋ ತೋಪಿಗೋ ಹೊರಟು, ಗರಿಯ ಜೋಪಡಿ ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಅವರ ಪಾಲಿಗೆ ಅದು ಮಾರಮ್ಮನ ಮುನಿಸು. ಸತ್ತ ಇಲಿಯ ಮೈ ತಣ್ಣಗಾದೊಡನೆ ಚಿಗಟವು ಅದನ್ನು ತೊರೆದು ಮನುಷ್ಯನನ್ನು ಕಚ್ಚುವುದೆಂಬ ತತ್ತ್ವವನ್ನು ಫ್ರೆಂಚ್ ವೈದ್ಯ ಸಿಮೊಂಡನು ಅದೇ 1898ರಲ್ಲಿ ಸಾರಿದನಾದರೂ, ಪಂಡಿತರು ಅದನ್ನು ಒಪ್ಪಲು ಇನ್ನೂ ಹಲವು ವರ್ಷಗಳು ಹಿಡಿದವು. ಅಷ್ಟರಲ್ಲಿ ಕಾರಣವನ್ನು ತಪ್ಪಾಗಿ ತಿಳಿದಿದ್ದ ಒಕ್ಕಲಿಗನು ಕಾರ್ಯವನ್ನು ಸರಿಯಾಗಿಯೇ ಮಾಡುತ್ತಿದ್ದನು.

ಸರ್ಕಾರದ ಉಪಾಯಗಳು ಬೇರೆ ಬಗೆಯವು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ವಿ. ಪಿ. ಮಾಧವರಾಯರು ಪ್ಲೇಗ್ ಕಮಿಷನರಾಗಿ ನೇಮಕಗೊಂಡು, ಮನೆಗಳ ತಪಾಸಣೆ, ರೋಗಿಗಳ ಪ್ರತ್ಯೇಕವಾಸ, ಸುಣ್ಣ, ಸೂಜಿಮದ್ದುಗಳ ಏರ್ಪಾಡಾಯಿತು. ಇವು ಅನಾವಶ್ಯಕವಾಗಿದ್ದುವೆಂದು ಹೇಳಲಾಗದು. ಆದರೆ ಪರಸ್ಥಳದ ಶಿಬಿರಕ್ಕೆ ತನ್ನ ತಾಯಿಯನ್ನು ಒಪ್ಪಿಸಲಾರದವನು ರೋಗವನ್ನೇ ಬಚ್ಚಿಟ್ಟನು; ಶ್ರೀರಂಗಪಟ್ಟಣದ ಗಂಜಾಮಿನಲ್ಲಂತೂ ಜನ ದಂಗೆಯೆದ್ದರು. ತಾನಾಗಿ ಬಯಲಿಗೆ ಹೋಗುವವನನ್ನು ಬಲಾತ್ಕಾರದಿಂದ ಎಳೆದೊಯ್ಯುವುದರಲ್ಲಿ ಯಾವ ವಿವೇಕವಿತ್ತೋ!

ಊರು ಬಿಡುವುದು ಎಲ್ಲರಿಗೂ ಸಮಾನವಾಗಿ ಸುಲಭವಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಹೊಲವಿದ್ದವನಿಗೆ ಹೊಲವೇ ಆಶ್ರಯ. ನೇಕಾರನ ಕುಣಿಮಗ್ಗವೋ ಮನೆಯ ನೆಲದಲ್ಲಿಯೇ ಹೂತದ್ದು. ಅದನ್ನು ಹೊತ್ತೊಯ್ಯುವಂತಿಲ್ಲ, ಬಿಟ್ಟುಹೋದರೆ ಅಂದಿನ ಕೂಲಿಯಿಲ್ಲ.

ಪ್ಲೇಗಿಗೂ ಒಬ್ಬ ಅಮ್ಮನನ್ನು ಕಲ್ಪಿಸಿ ಬೆಂಗಳೂರಿನವರು ಪ್ಲೇಗಮ್ಮನ ಗುಡಿಗಳನ್ನು ಕಟ್ಟಿದರು; ಅವುಗಳಲ್ಲಿ ಕೆಲವು ಈಗಲೂ ಪೂಜೆಗೊಳ್ಳುತ್ತಿವೆ. ರೋಗವೂ ಬೇಗನೆ ತೊಲಗಲಿಲ್ಲ. ಹೊಸಕೋಟೆಯನ್ನು ದಾಟಿ ಮೂಡಲಿಗೆ ಹೋಗುವ ದಾರಿಯ ಕೋಲಾರ ಸೀಮೆಯಲ್ಲಿ ಅದು ಬಹುಕಾಲ ಉಳಿದು, ಮುಳಬಾಗಿಲಿನಲ್ಲಿ 1966ರಲ್ಲಿ ಕಾಣಿಸಿಕೊಂಡ ಮೇಲೆ 1994ರವರೆಗೆ ದೇಶದಲ್ಲಿ ಎಲ್ಲಿಯೂ ಅದರ ಸುದ್ದಿಯಿರಲಿಲ್ಲ. ಆ ಬಳಿಕವೂ ಕೇಂದ್ರ ಸರ್ಕಾರದ ಪ್ಲೇಗು ಕಾವಲಿನ ಘಟಕವೊಂದು ಬೆಂಗಳೂರಿನಲ್ಲಿದ್ದು, ಹೊಲದ ಇಲಿಗಳನ್ನು ಹಿಡಿಸಿ ರಕ್ತವನ್ನು ಪರೀಕ್ಷಿಸುವ ಕೆಲಸವನ್ನು ನಡೆಸಿಕೊಂಡು ಬಂದಿದೆ.