ಉತ್ತರ ಕನ್ನಡ ಕರಾವಳಿಯಲ್ಲಿ ರಾತ್ರಿ ಬೇಟೆ

ರಾತ್ರಿ ಬೇಟೆ ಎಂದರೆ ಸೂರ್ಯಾಸ್ತದ ಅನಂತರ ಕಾಡುಪ್ರಾಣಿಗಳನ್ನು ಹುಡುಕಿ, ಬೆನ್ನಟ್ಟಿ ಅಥವಾ ಹೊಂಚುಹಾಕಿ ಹಿಡಿಯುವ ಇಲ್ಲವೇ ಕೊಲ್ಲುವ ಕ್ರಮ. ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲೂಕುಗಳಲ್ಲಿ ಇದು ಗದ್ದೆ-ತೋಟಗಳ ರಾತ್ರಿ ಕಾವಲಿನೊಂದಿಗೆ ಬೆಸೆದುಕೊಂಡು ಬೆಳೆದ ರೂಢಿಯಾಗಿತ್ತು. ಕಾಡುಹಂದಿ, ಮುಳ್ಳುಹಂದಿ, ಬರ್ಕ, ಮೊಲ ಮೊದಲಾದವು ಇದರ ಮುಖ್ಯ ಗುರಿಗಳಾಗಿದ್ದವು. ಕೋಳಿ ಕದಿಯುವ ಪ್ರಾಣಿಯೆಂಬ ಕಾರಣಕ್ಕೆ ನರಿಯೂ ಇದಕ್ಕೆ ಬಲಿಯಾಗುತ್ತಿತ್ತು. ಭಾರತದಲ್ಲಿ ವನ್ಯಜೀವಿ (ಸಂರಕ್ಷಣಾ) ಕಾಯ್ದೆ, 1972ರ ಅನ್ವಯ ಈ ಪ್ರಾಣಿಗಳ ಬೇಟೆ ಇಂದು ಅಪರಾಧ. ಆದರೆ ಬೆಳೆ ಕಾಯುವುದು ಅಪರಾಧವಲ್ಲ. ಕಾವಲು ಮತ್ತು ಬೇಟೆಯ ನಡುವಿನ ಈ ಗೆರೆಯನ್ನು ಅರಿಯದಿರುವುದರಿಂದಲೇ ಕಾಡಂಚಿನ ಹಳ್ಳಿಗಳಲ್ಲಿ ಹಲವು ತೊಂದರೆಗಳು ಉಂಟಾಗುತ್ತವೆ.

ಭೌಗೋಳಿಕ ಹಿನ್ನೆಲೆ

ಈ ಮೂರು ತಾಲೂಕುಗಳು ಪಶ್ಚಿಮದಲ್ಲಿ ಅರಬ್ಬೀ ಸಮುದ್ರ ಮತ್ತು ಪೂರ್ವದಲ್ಲಿ ಸಹ್ಯಾದ್ರಿಯ ನಡುವಿನ ಕಿರಿದಾದ ಪಟ್ಟಿಯಲ್ಲಿವೆ. ಶರಾವತಿ ನದಿ ಹೊನ್ನಾವರದ ಬಳಿಯೂ ಅಘನಾಶಿನಿ ನದಿ ಕುಮಟಾ ತಾಲೂಕಿನಲ್ಲಿಯೂ ಸಮುದ್ರವನ್ನು ಸೇರುತ್ತವೆ. ಅಳಿವೆಯ ಗಜನಿ ಭೂಮಿ, ಕಾಂಡ್ಲಾ ಗಿಡಗಳ ಹಿನ್ನೀರು, ತೆಂಗು-ಅಡಿಕೆ ತೋಟಗಳು, ಬ್ಯಾಣ, ಗುಡ್ಡ ಮತ್ತು ನಿತ್ಯಹರಿದ್ವರ್ಣ ಕಾಡು ಇಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಒಂದರ ಪಕ್ಕದಲ್ಲಿ ಒಂದಿವೆ. ಮನೆಯ ಹಿತ್ತಲಿಗೂ ಕಾಡಿಗೂ ನಡುವೆ ಹಲವೆಡೆ ಒಂದು ಅಗಳ ಮಾತ್ರ ಇರುತ್ತದೆ. ಆದ್ದರಿಂದ ಕತ್ತಲಾದ ಮೇಲೆ ಕಾಡುಪ್ರಾಣಿಗಳು ಗದ್ದೆಗೆ ಇಳಿಯುವುದು ಇಲ್ಲಿ ಸಾಮಾನ್ಯ. ಮೂರೂ ತಾಲೂಕುಗಳು ಹೊನ್ನಾವರ ಅರಣ್ಯ ವಿಭಾಗಕ್ಕೆ ಸೇರಿವೆ.

ನರಿ ಮತ್ತು ಅದರ ರಾತ್ರಿಚರ್ಯೆ

ಕನ್ನಡದಲ್ಲಿ 'ನರಿ' ಎಂಬ ಪದವನ್ನು ಎರಡು ಬೇರೆ ಪ್ರಾಣಿಗಳಿಗೆ ಬಳಸುವುದುಂಟು. ಒಂದು, ಬಯಲುಸೀಮೆಯ ಒಣ ಹುಲ್ಲುಗಾವಲಿನಲ್ಲಿ ವಾಸಿಸುವ, ತುದಿ ಕಪ್ಪಾದ ಪೊದೆಬಾಲದ ಸಣ್ಣ ಪ್ರಾಣಿ; ಇದರ ವೈಜ್ಞಾನಿಕ ಹೆಸರು ವಲ್ಪೀಸ್ ಬೆಂಗಾಲೆನ್ಸಿಸ್. ಇನ್ನೊಂದು, ಸಂಜೆಯಾಗುತ್ತಲೇ ಗುಂಪಾಗಿ ಊಳಿಡುವ, ಅದಕ್ಕಿಂತ ದೊಡ್ಡದಾದ ಪ್ರಾಣಿ. ಇದರ ಹೆಸರು ಕ್ಯಾನಿಸ್ ಆರಿಯಸ್. ಕರಾವಳಿಯಲ್ಲಿ ನರಿಯೆಂದು ಕರೆಯುವುದು ಈ ಎರಡನೆಯದನ್ನು. ಇದು ತೋಳ ಮತ್ತು ನಾಯಿಯ ಕುಲಕ್ಕೆ ಸೇರಿದ್ದು, ಉತ್ತರ ಅಮೆರಿಕದ ಕಯೋಟಿಗೆ (ಕ್ಯಾನಿಸ್ ಲ್ಯಾಟ್ರನ್ಸ್) ಹತ್ತಿರದ ಸಂಬಂಧಿ.

ಗಂಡು-ಹೆಣ್ಣು ಜೋಡಿಯಾಗಿ ಬಾಳುವುದು ನರಿಯ ಸ್ವಭಾವ. ಗರ್ಭಾವಧಿ ಸುಮಾರು 63 ದಿನ. ಹಗಲು ಪೊದೆ, ಬಿಲ ಅಥವಾ ಕಾಂಡ್ಲಾ ಗಿಡಗಳ ಮರೆಯಲ್ಲಿದ್ದು ರಾತ್ರಿ ಆಹಾರಕ್ಕೆ ಹೊರಡುತ್ತದೆ. ಇಲಿ, ಹೆಗ್ಗಣ, ಏಡಿ, ಮೀನು, ಕೀಟ, ಸತ್ತ ಪ್ರಾಣಿಗಳ ಮಾಂಸ, ಬಿದ್ದ ಹಣ್ಣು ಎಲ್ಲವನ್ನೂ ತಿನ್ನುತ್ತದೆ. ಕಲ್ಲಂಗಡಿ ಬೆಳೆದ ಹೊಲಕ್ಕೂ ಕೋಳಿಗೂಡಿಗೂ ಅದು ಬರುವುದುಂಟು. ಕಡಲಾಮೆಗಳು ಮೊಟ್ಟೆಯಿಟ್ಟ ಮರಳನ್ನು ಕೆದಕುವ ಪ್ರಾಣಿಗಳಲ್ಲಿ ಬೀದಿನಾಯಿಯ ಜೊತೆ ನರಿಯೂ ಸೇರಿದೆ. ಆದರೆ ಗದ್ದೆಯ ಇಲಿಗಳನ್ನು ತಿಂದು ರೈತನಿಗೆ ಅದು ಮಾಡುವ ಉಪಕಾರ ಕಣ್ಣಿಗೆ ಬೀಳುವುದಿಲ್ಲ. ಕಳೆದುಹೋದ ಕೋಳಿ ಮಾತ್ರ ಲೆಕ್ಕಕ್ಕೆ ಸಿಗುತ್ತದೆ.

ಬೇಟೆಯ ವಿಧಾನಗಳು

ರಾತ್ರಿ ಬೇಟೆಯ ಎಲ್ಲ ವಿಧಾನಗಳೂ ಬೆಳಕು, ವಾಸನೆ ಮತ್ತು ಸದ್ದು ಎಂಬ ಮೂರು ಸಂಗತಿಗಳನ್ನು ಅವಲಂಬಿಸಿವೆ.

ಬೆಳಕಿನ ಬೇಟೆ: ರಾತ್ರಿ ಸಂಚರಿಸುವ ಹಲವು ಪ್ರಾಣಿಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಪ್ರತಿಫಲಿಸುವ ಪದರವೊಂದಿದೆ. ಮಂದ ಬೆಳಕಿನಲ್ಲಿ ಚೆನ್ನಾಗಿ ಕಾಣಲು ಇದು ನೆರವಾಗುತ್ತದೆ. ಇದೇ ಪದರದಿಂದಾಗಿ ದೀಪ ಹಾಯಿಸಿದಾಗ ಕಣ್ಣುಗಳು ಕೆಂಡದಂತೆ ಹೊಳೆಯುತ್ತವೆ. ಹಿಂದೆ ತೆಂಗಿನ ಒಣ ಗರಿಯ ಸೂಡಿ, ಆಮೇಲೆ ಗ್ಯಾಸ್‌ಲೈಟ್, ಅನಂತರ ಬ್ಯಾಟರಿ, ಕೊನೆಗೆ ಹಣೆಗೆ ಕಟ್ಟುವ ಹೆಡ್‌ಲೈಟ್ ಬಳಕೆಗೆ ಬಂದವು. ಸೂಡಿಯ ಬೆಳಕು ಕೆಲವೇ ಮಾರು ದೂರ ಹೋಗುತ್ತಿದ್ದುದರಿಂದ ಪ್ರಾಣಿಗೆ ತಪ್ಪಿಸಿಕೊಳ್ಳಲು ಅವಕಾಶವಿತ್ತು. ಪ್ರಖರವಾದ ವಿದ್ಯುದ್ದೀಪ ಬಂದ ಮೇಲೆ ಕಣ್ಣು ಕೋರೈಸಿ ನಿಂತಲ್ಲೇ ನಿಲ್ಲುವ ಪ್ರಾಣಿಗೆ ಆ ಅವಕಾಶ ತಪ್ಪಿತು. ಹೊಳೆಯುವ ಕಣ್ಣನ್ನು ನೋಡಿ ಅದು ಯಾವ ಪ್ರಾಣಿಯದೆಂದು ಖಚಿತವಾಗಿ ಹೇಳುವುದು ಕಷ್ಟ. ಈ ವಿಧಾನದ ಬಹುದೊಡ್ಡ ದೋಷವೂ ಇದೇ.

ಮರಸು: ಪ್ರಾಣಿ ನೀರಿಗೆ ಅಥವಾ ಹಣ್ಣು ಉದುರಿದ ಮರದ ಬುಡಕ್ಕೆ ಬರುವ ಹಾದಿಯಲ್ಲಿ, ಮರದ ಮೇಲೆ ಅಟ್ಟಣಿಗೆ ಕಟ್ಟಿ ಸದ್ದಿಲ್ಲದೆ ಕಾಯುವುದಕ್ಕೆ ಮರಸು ಕೂರುವುದು ಎನ್ನುತ್ತಾರೆ. ಇದರಲ್ಲಿ ಗಾಳಿಯ ದಿಕ್ಕು ಮುಖ್ಯ. ಕರಾವಳಿಯಲ್ಲಿ ಹಗಲು ಸಮುದ್ರದಿಂದ ನೆಲದ ಕಡೆಗೂ ರಾತ್ರಿ ನೆಲದಿಂದ ಸಮುದ್ರದ ಕಡೆಗೂ ಗಾಳಿ ಬೀಸುತ್ತದೆ. ಮನುಷ್ಯನ ವಾಸನೆ ಗಾಳಿಯೊಂದಿಗೆ ಸಾಗಿ ಪ್ರಾಣಿಯನ್ನು ಎಚ್ಚರಿಸುವುದರಿಂದ ಕೂರುವ ಜಾಗವನ್ನು ಅದಕ್ಕೆ ತಕ್ಕಂತೆ ಆರಿಸುತ್ತಿದ್ದರು.

ಸೋವು: ಜನರೂ ನಾಯಿಗಳೂ ಗದ್ದಲವೆಬ್ಬಿಸಿ ಪ್ರಾಣಿಯನ್ನು ಒಂದು ದಿಕ್ಕಿಗೆ ಅಟ್ಟುವ ಸಾಮೂಹಿಕ ಬೇಟೆಯಿದು. ಇದು ಸಾಮಾನ್ಯವಾಗಿ ಹಗಲಿನದು. ರಾತ್ರಿ ಗದ್ದೆಗೆ ಇಳಿದ ಹಂದಿಯ ಜಾಡನ್ನು ಬೆಳಿಗ್ಗೆ ಹಿಡಿದು ಸೋವು ನಡೆಸುವ ಕ್ರಮವೂ ಇತ್ತು.

ಉರುಳು ಮತ್ತು ಸಿಡಿಮದ್ದು: ಪ್ರಾಣಿ ನುಸುಳುವ ಬೇಲಿಯ ಕಂಡಿಯಲ್ಲಿ ತಂತಿಯ ಉರುಳು ಒಡ್ಡುವುದು, ಆಹಾರದಲ್ಲಿ ಸಿಡಿಮದ್ದು ಅಡಗಿಸಿಡುವುದು ಇತ್ಯಾದಿ ಕ್ರಮಗಳಲ್ಲಿ ಬೇಟೆಗಾರ ಸ್ಥಳದಲ್ಲಿ ಇರಬೇಕಾಗಿಯೇ ಇಲ್ಲ. ಆದ್ದರಿಂದ ಯಾವ ಪ್ರಾಣಿ ಸಿಕ್ಕಿಬೀಳುತ್ತದೆ ಎಂಬ ಆಯ್ಕೆಯೂ ಇಲ್ಲ. ಹಂದಿಗೆ ಒಡ್ಡಿದ ಉರುಳಿಗೆ ಚಿರತೆ ಬೀಳಬಹುದು; ಸಿಡಿಮದ್ದನ್ನು ಮೇಯಲು ಹೋದ ದನ ಕಚ್ಚಬಹುದು. ಎಲ್ಲ ವಿಧಾನಗಳಲ್ಲಿ ಇವೇ ಅತ್ಯಂತ ಕ್ರೂರವಾದವು.

ಬೇಟೆಯ ವಿಧಾನ ಬದಲಾದಂತೆ ಕಾಡಿನಲ್ಲಿ ಕಡಿಮೆಯಾಗುವ ಪ್ರಾಣಿಗಳೂ ಬದಲಾಗುತ್ತವೆ. ವನ್ಯಜೀವಿ ವಿಜ್ಞಾನಿಗಳಾದ ಎಚ್. ಎನ್. ಕುಮಾರ ಮತ್ತು ಮೇವಾ ಸಿಂಗ್ ಅವರು ಪಶ್ಚಿಮ ಘಟ್ಟದ ಎರಡು ಮಳೆಕಾಡುಗಳಲ್ಲಿ ಬೇಟೆಯ ಪದ್ಧತಿಗೂ ಸಸ್ತನಿಗಳ ಸಂಖ್ಯೆಗೂ ಇರುವ ಸಂಬಂಧವನ್ನು ಹೋಲಿಸಿ 2004ರಲ್ಲಿ 'ಓರಿಕ್ಸ್' ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿದರು. ಅವುಗಳಲ್ಲಿ ಒಂದು ಸಿರಸಿ-ಹೊನ್ನಾವರದ ಕಾಡು. ಸಿಂಗಳೀಕಗಳ ದೊಡ್ಡ ಸಂಖ್ಯೆಯೊಂದು ಈ ಕಾಡಿನಲ್ಲಿ ಉಳಿದಿರುವುದನ್ನು ಬೆಳಕಿಗೆ ತಂದವರೂ ಇವರೇ.

ಕಯೋಟಿ ಬೇಟೆಯೊಂದಿಗೆ ಹೋಲಿಕೆ

ಅಮೆರಿಕ ಸಂಯುಕ್ತ ಸಂಸ್ಥಾನದ ಹಲವು ರಾಜ್ಯಗಳಲ್ಲಿ ಕಯೋಟಿಯ ರಾತ್ರಿ ಬೇಟೆಗೆ ಕಾನೂನಿನ ಅನುಮತಿಯಿದೆ. ಸಮಯ, ದೀಪ ಮತ್ತು ಆಯುಧಗಳ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆಯಾಗಿವೆ. ಗಾಯಗೊಂಡ ಮೊಲದ ಕೂಗನ್ನು ಅನುಕರಿಸುವ ಪೀಪಿ ಅಥವಾ ಧ್ವನಿಯಂತ್ರದಿಂದ ಪ್ರಾಣಿಯನ್ನು ಹತ್ತಿರಕ್ಕೆ ಸೆಳೆಯುವುದು, ಗಾಳಿಯ ದಿಕ್ಕನ್ನು ನೋಡಿ ಕೂರುವುದು, ಪ್ರಾಣಿ ಬೆದರದಂತೆ ಕೆಂಪು ಬೆಳಕು ಬಳಸುವುದು, ದೇಹದ ಶಾಖವನ್ನು ಗುರುತಿಸುವ ದುರ್ಬೀನು ಬಳಸುವುದು ಅಲ್ಲಿನ ಕ್ರಮಗಳು. ಇಷ್ಟಾದರೂ ಇಪ್ಪತ್ತನೆಯ ಶತಮಾನದಲ್ಲಿ ಕಯೋಟಿಯ ನೆಲೆ ಕುಗ್ಗದೆ, ಖಂಡದ ಪೂರ್ವ ತೀರದವರೆಗೂ ಹಬ್ಬಿತು.

ಸಾಕುಪ್ರಾಣಿ ಕಳೆದುಕೊಂಡವನ ಸಿಟ್ಟು ಎರಡೂ ಕಡೆ ಒಂದೇ. ಕಾನೂನು ಮಾತ್ರ ಬೇರೆ. ಕಯೋಟಿ ಬೇಟೆಯ ವಿಧಾನಗಳನ್ನು ಭಾರತದಲ್ಲಿ ನರಿಯ ಮೇಲೆ ಪ್ರಯೋಗಿಸುವುದು ಶಿಕ್ಷಾರ್ಹ ಅಪರಾಧ.

ಕಾನೂನು

ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯದ ಭಾಗವಾಯಿತು. ಮುಂಬಯಿ ರಾಜ್ಯವು 1951ರಲ್ಲಿ, ಮೈಸೂರು ರಾಜ್ಯವು 1963ರಲ್ಲಿ ಕಾಡುಪ್ರಾಣಿ ಮತ್ತು ಪಕ್ಷಿಗಳ ರಕ್ಷಣೆಗೆ ಕಾಯ್ದೆಗಳನ್ನು ಮಾಡಿದ್ದವು. ಬಳಿಕ 1972ರ ಕೇಂದ್ರ ಕಾಯ್ದೆ ಬಂದಿತು. ಆರಂಭದಲ್ಲಿ ಕೆಲವು ಪ್ರಾಣಿಗಳ ಬೇಟೆಗೆ ಪರವಾನಗಿ ಪಡೆಯಲು ಅವಕಾಶವಿತ್ತು. ಆಗಲೂ ವಿಶೇಷ ಅನುಮತಿಯಿಲ್ಲದೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬೇಟೆಯಾಡುವುದನ್ನೂ ಕೃತಕ ಬೆಳಕು ಬಳಸುವುದನ್ನೂ ಕಾಯ್ದೆಯ 17ನೇ ಕಲಮು ನಿಷೇಧಿಸಿತ್ತು. ಅಂದರೆ ಬೇಟೆಗೆ ಪರವಾನಗಿ ಸಿಗುತ್ತಿದ್ದ ಕಾಲದಲ್ಲಿಯೂ ರಾತ್ರಿ ಬೇಟೆಯನ್ನು ಕಾನೂನು ಒಪ್ಪಿರಲಿಲ್ಲ. 1991ರ ತಿದ್ದುಪಡಿಯಿಂದ ಪರವಾನಗಿ ಪದ್ಧತಿಯೇ ಕೊನೆಗೊಂಡಿತು.

2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಇದರಲ್ಲಿ ನರಿಯನ್ನು 1ನೇ ಅನುಸೂಚಿಗೂ ಕಾಡುಹಂದಿಯನ್ನು 2ನೇ ಅನುಸೂಚಿಗೂ ಸೇರಿಸಲಾಗಿದೆ. 1ನೇ ಅನುಸೂಚಿಯ ಪ್ರಾಣಿಯನ್ನು ಬೇಟೆಯಾಡಿದವರಿಗೆ 3ರಿಂದ 7 ವರ್ಷಗಳ ಸೆರೆವಾಸ ಮತ್ತು ದಂಡ ವಿಧಿಸಬಹುದು. ಕಾಯ್ದೆಯ ಅರ್ಥದಲ್ಲಿ 'ಬೇಟೆ' ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ವಿಷವಿಡುವುದು, ಉರುಳೊಡ್ಡುವುದು, ಅಟ್ಟುವುದು, ಆಮಿಷವೊಡ್ಡುವುದು ಮತ್ತು ಇವುಗಳಿಗೆ ಪ್ರಯತ್ನಿಸುವುದೂ ಬೇಟೆಯೇ ಆಗುತ್ತದೆ.

11ನೇ ಕಲಮಿನಲ್ಲಿ ಕೆಲವು ವಿನಾಯಿತಿಗಳಿವೆ. 2ನೇ ಅನುಸೂಚಿಯ ಪ್ರಾಣಿಯು ಮನುಷ್ಯರ ಜೀವಕ್ಕೆ ಅಥವಾ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದ್ದರೆ, ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅಧಿಕೃತ ಅಧಿಕಾರಿ ಅದನ್ನು ಬೇಟೆಯಾಡಲು ಲಿಖಿತ ಅನುಮತಿ ನೀಡಬಹುದು. 1ನೇ ಅನುಸೂಚಿಯ ಪ್ರಾಣಿಯ ವಿಷಯದಲ್ಲಿ ಬೆಳೆನಷ್ಟ ಅಥವಾ ಕೋಳಿಯ ನಷ್ಟ ಇಂತಹ ಅನುಮತಿಗೆ ಕಾರಣವಾಗದು. ಸದುದ್ದೇಶದಿಂದ ತನ್ನ ಅಥವಾ ಇನ್ನೊಬ್ಬರ ಪ್ರಾಣವನ್ನು ಉಳಿಸಿಕೊಳ್ಳಲು ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ.

ಬೆಳೆ ರಕ್ಷಣೆಗಾಗಿ ಕೋವಿ ಇಟ್ಟುಕೊಳ್ಳಲು 1959ರ ಆಯುಧ ಕಾಯ್ದೆಯಡಿ ಪರವಾನಗಿ ನೀಡಲಾಗುತ್ತದೆ. ಜಿಲ್ಲೆಯ ಅನೇಕ ಕೃಷಿಕರು ಇಂತಹ ಪರವಾನಗಿ ಪಡೆದಿದ್ದಾರೆ. ಕೋವಿಯ ಪರವಾನಗಿಯು ಬೇಟೆಯ ಪರವಾನಗಿಯಲ್ಲ. ಚುನಾವಣೆ ಬಂದಾಗ ಈ ಕೋವಿಗಳನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕಾಗುತ್ತದೆ. ಬೆಳೆ ಕಾಯುವ ಕಾಲದಲ್ಲಿ ಕೋವಿ ಕೈತಪ್ಪುತ್ತದೆ ಎಂಬುದು ಕೃಷಿಕರ ದೂರು.

ಅಪಾಯಗಳು

ರಾತ್ರಿ ಬೇಟೆಯಲ್ಲಿ ಪ್ರಾಣಿಯೆಂದು ಭಾವಿಸಿ ಮನುಷ್ಯನ ಮೇಲೆ ಗುಂಡು ಹಾರಿಸಿದ ದುರಂತಗಳು ಮಲೆನಾಡು ಮತ್ತು ಕರಾವಳಿಯಲ್ಲಿ ನಡೆದಿವೆ. ಪೊದೆಯ ಅಲುಗಾಟ, ಎಲೆಯ ಸದ್ದು, ಬೆಳಕಿನ ಮಿಣುಕು ಇವುಗಳನ್ನಷ್ಟೇ ನಂಬಿ ಹಾರಿಸಿದ ಈಡು ಎದುರಿನಿಂದ ಬರುತ್ತಿರುವ ಸಂಗಾತಿಗೇ ತಗಲಬಹುದು. ಬೇಲಿಗೆ ನೇರವಾಗಿ ವಿದ್ಯುತ್ ಹರಿಸುವುದು ಇನ್ನೂ ಘೋರವಾದ ಅಪರಾಧ. ಅದು ಪ್ರಾಣಿಗಳನ್ನು ಮಾತ್ರವಲ್ಲ, ಬೆಳಿಗ್ಗೆ ನೀರು ತಿರುಗಿಸಲು ಬಂದ ಮನೆಯವರನ್ನೂ ಕೊಲ್ಲುತ್ತದೆ.

ರೋಗಗಳ ಭಯವೂ ಇದೆ. ನರಿಗೆ ಹುಚ್ಚುನಾಯಿ ರೋಗ (ರೇಬೀಸ್) ತಗಲುತ್ತದೆ. ಗಾಯಗೊಂಡ ನರಿ ಕಚ್ಚಿದರೆ ಗಾಯವನ್ನು ಸಾಬೂನು ಮತ್ತು ನೀರಿನಿಂದ ಚೆನ್ನಾಗಿ ತೊಳೆದು ತಡಮಾಡದೆ ಲಸಿಕೆ ಪಡೆಯಬೇಕು. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉತ್ತರ ಕನ್ನಡದಲ್ಲಿಯೂ ಕಾಣಿಸಿಕೊಂಡಿದೆ. ಇದು ಉಣ್ಣೆಗಳ ಕಡಿತದಿಂದ ಹರಡುವುದರಿಂದ ಕಾಡಿನಲ್ಲಿ ಅಲೆಯುವವರಿಗೆ ಅಪಾಯ ಹೆಚ್ಚು.

ಬೇಟೆಯಿಲ್ಲದ ಕಾವಲು

ಗದ್ದೆಯ ಅಂಚಿನಲ್ಲಿ ಮಾಳ ಕಟ್ಟಿ ಸರದಿಯಂತೆ ರಾತ್ರಿ ಕಾಯುವುದು, ಕೂ ಹಾಕುವುದು, ತಗಡಿನ ಡಬ್ಬ ಬಡಿಯುವುದು, ಬೆಂಕಿ ಹಾಕುವುದು ಈ ಭಾಗದ ಹಳೆಯ ಕಾವಲಿನ ಕ್ರಮಗಳು. ಇವುಗಳ ಉದ್ದೇಶ ಪ್ರಾಣಿ ದೂರ ಹೋಗಲಿ ಎಂಬುದು, ಸಾಯಲಿ ಎಂಬುದಲ್ಲ. ಕೃಷಿ ಕೆಲಸಕ್ಕೆ ಜನ ಸಿಗದಂತಾಗಿ, ಯುವಕರು ನಗರಗಳಿಗೆ ಹೋದ ಮೇಲೆ ಮಾಳಗಳು ಬರಿದಾದವು. ಕಾವಲು ಕುಂದಿದ ಕಡೆ ಉರುಳು ಮತ್ತು ವಿದ್ಯುತ್ ತಂತಿ ಆ ಜಾಗವನ್ನು ತುಂಬಿದವು.

ನರಿಯಿಂದ ಕೋಳಿಯನ್ನು ಉಳಿಸಲು ಬೇಟೆ ಬೇಕಾಗಿಲ್ಲ. ಸಂಜೆಗೇ ಕೋಳಿಗಳನ್ನು ಗೂಡಿಗೆ ಸೇರಿಸುವುದು, ನೆಲ ತೋಡಿ ನುಸುಳದಂತೆ ಗೂಡಿನ ಬುಡಕ್ಕೆ ಕಲ್ಲು ಅಥವಾ ಬಲವಾದ ಜಾಲರಿ ಹಾಕುವುದು, ಮೀನು-ಮಾಂಸದ ತ್ಯಾಜ್ಯವನ್ನು ಮನೆಯ ಬಳಿ ಎಸೆಯದಿರುವುದು ಸಾಕಾಗುತ್ತದೆ. ಹಂದಿಯ ಕಾಟಕ್ಕೆ ಕಲ್ಲಿನ ಪಾಗಾರ, ಅಗಳ ಮತ್ತು ನಿಯಮಬದ್ಧವಾದ ಸೌರ ಬೇಲಿ ಉಪಯುಕ್ತ. ಸೌರ ಬೇಲಿಯಲ್ಲಿ ಕ್ಷಣಮಾತ್ರದ ಮಿಡಿತವಾಗಿ ವಿದ್ಯುತ್ ಹರಿಯುವುದರಿಂದ ಅದು ಬೆದರಿಸುತ್ತದೆಯೇ ಹೊರತು ಕೊಲ್ಲುವುದಿಲ್ಲ. ವನ್ಯಪ್ರಾಣಿಗಳಿಂದಾದ ನಷ್ಟಕ್ಕೆ ಅರಣ್ಯ ಇಲಾಖೆ 'ಇ-ಪರಿಹಾರ' ವ್ಯವಸ್ಥೆಯ ಮೂಲಕ ಪರಿಹಾರ ನೀಡುತ್ತದೆ. ಇದಕ್ಕಾಗಿ ಸಮೀಪದ ವಲಯ ಅರಣ್ಯ ಕಚೇರಿಗೆ ಬೇಗನೆ ದೂರು ನೀಡುವುದೂ ಹಾನಿಯ ಛಾಯಾಚಿತ್ರ ತೆಗೆದಿಡುವುದೂ ಒಳ್ಳೆಯದು.

ನಂಬಿಕೆಗಳು

ಬೆಳಿಗ್ಗೆ ಎದ್ದು ನರಿಯ ಮುಖ ನೋಡಿದರೆ ಶುಭವೆಂಬ ನಂಬಿಕೆ ಕನ್ನಡ ನಾಡಿನಲ್ಲಿ ವ್ಯಾಪಕವಾಗಿದೆ. ಅನಿರೀಕ್ಷಿತ ಲಾಭ ಪಡೆದವನನ್ನು 'ನರಿ ಮುಖ ನೋಡಿ ಎದ್ದಿದ್ದಾನೆ' ಎಂದು ಆಡಿಕೊಳ್ಳುವುದು ಇದರಿಂದಲೇ. ಇದೇ ನಂಬಿಕೆಯ ಕರಾಳ ರೂಪವೆಂದರೆ 'ನರಿಕೊಂಬು'. ನರಿಗೆ ಕೊಂಬು ಇರುವುದಿಲ್ಲ. ಅದೃಷ್ಟ ತರುವ ಕೊಂಬೆಂದು ಮಾರುವ ವಸ್ತುಗಳನ್ನು ಪ್ರಾಣಿಯ ಚರ್ಮ, ಕೂದಲು, ಮೂಳೆಗಳಿಂದ ಮಾಡಿರುತ್ತಾರೆ. ಇದರ ಮಾರಾಟವೂ ನರಿಯ ಯಾವುದೇ ಅಂಗವನ್ನು ಇಟ್ಟುಕೊಳ್ಳುವುದೂ ಕಾನೂನುಬಾಹಿರ. ಕಾಡುಪ್ರಾಣಿಯನ್ನು ದೈವವಾಗಿ ಕಾಣುವ ಪರಂಪರೆಯೂ ಉತ್ತರ ಕನ್ನಡದಲ್ಲಿದ್ದು, ಹುಲಿಯನ್ನು ಹುಲಿದೇವರು, ಹುಲಿಯಪ್ಪ ಎಂಬ ಹೆಸರುಗಳಲ್ಲಿ ಕಲ್ಲಿನ ರೂಪದಲ್ಲಿ ಪೂಜಿಸಲಾಗುತ್ತದೆ.