ದಿನ ತುಂಬದ ಹೆರಿಗೆ ನೋವು: ಎರಡು ದಿನ ಗಳಿಸಿದ ಚಿಕಿತ್ಸೆಯ ಚರಿತ್ರೆ

ಗರ್ಭಕ್ಕೆ 37 ವಾರ ತುಂಬುವ ಮೊದಲೇ ಹೊಟ್ಟೆ ಮತ್ತೆ ಮತ್ತೆ ಬಿಗಿಯಾಗಿ, ಸೊಂಟ ಹಿಡಿದುಕೊಂಡು, ಗರ್ಭಕೋಶದ ಬಾಯಿ ತೆರೆಯತೊಡಗಿದರೆ ಅದು ದಿನ ತುಂಬದ ಹೆರಿಗೆ ನೋವು. ಈ ನೋವೆಂದು ಆಸ್ಪತ್ರೆ ಸೇರುವ ಬಸುರಿಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ದಿನ ತುಂಬಿದ ಮೇಲೆಯೇ ಹೆರಿಗೆಯಾಗುತ್ತದೆ. ಚಿಕಿತ್ಸೆಯ ಚರಿತ್ರೆ ಅರ್ಥವಾಗಬೇಕಾದರೆ ಈ ಸಂಗತಿ ನೆನಪಿನಲ್ಲಿರಬೇಕು. ಏನೂ ಕೊಡದಿದ್ದರೂ ಇಷ್ಟು ಜನರ ನೋವು ಅಡಗುವಾಗ, ಯಾವ ಮದ್ದು ಕೊಟ್ಟರೂ ಅದಕ್ಕೆ ಒಳ್ಳೆಯ ಹೆಸರು ಬರುತ್ತದೆ.

ಹಾಗೆ ಹೆಸರು ಪಡೆದವುಗಳಲ್ಲಿ ಬಹುಕಾಲ ಬಾಳಿದ್ದು ಹಾಸಿಗೆಯ ವಿಶ್ರಾಂತಿ. ಇಪ್ಪತ್ತನೆಯ ಶತಮಾನದ ಉದ್ದಕ್ಕೂ ವೈದ್ಯರು ಗರ್ಭಿಣಿಯರನ್ನು ವಾರಗಟ್ಟಲೆ ಮಲಗಿಸಿದರು. ಕೆಲವೆಡೆ ಮಂಚದ ಕಾಲಿನ ಕಡೆಯನ್ನು ಎತ್ತರಿಸಿಯೂ ಇಟ್ಟರು. ಇದರಿಂದ ಹೆರಿಗೆ ಮುಂದೆ ಹೋಗುತ್ತದೆ ಎನ್ನಲು ಪರೀಕ್ಷೆಗಳಲ್ಲಿ ಆಧಾರ ಸಿಗಲಿಲ್ಲ. ಬದಲಿಗೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ, ಸ್ನಾಯು ಸೊರಗುವ ತೊಂದರೆ ಕಂಡುಬಂದವು. ಮುಂಬೈಯ ವೈದ್ಯ ವಿ. ಎನ್. ಶಿರೋಡ್ಕರ್ 1955ರಲ್ಲಿ ಪ್ರಕಟಿಸಿದ ಗರ್ಭಕೋಶದ ಕೊರಳಿನ ಹೊಲಿಗೆ ಜಗತ್ತಿನಾದ್ಯಂತ ಬಳಕೆಗೆ ಬಂತು. ಆದರೆ ಅದು ಗರ್ಭದ ನಡುಗಾಲದಲ್ಲಿ, ನೋವಿಲ್ಲದೆಯೇ ಬಾಯಿ ತೆರೆದುಕೊಳ್ಳುವವರಿಗೆ ಹಾಕುವ ಹೊಲಿಗೆ. ಏಳನೆಯ, ಎಂಟನೆಯ ತಿಂಗಳಲ್ಲಿ ಶುರುವಾದ ನೋವಿಗೆ ಅದು ಉತ್ತರವಲ್ಲ.

1960ರ ದಶಕದಲ್ಲಿ ಬಂದದ್ದು ಮದ್ಯದ ಡ್ರಿಪ್. ಡೆನ್ಮಾರ್ಕಿನಿಂದ ನ್ಯೂಯಾರ್ಕಿಗೆ ಹೋಗಿ ನೆಲೆಸಿದ ಫ್ರಿಟ್ಜ್ ಫುಕ್ಸ್ ಇದನ್ನು ಬಳಕೆಗೆ ತಂದರು. ಹೆರಿಗೆ ನೋವು ಹೆಚ್ಚಿಸುವ ಆಕ್ಸಿಟೋಸಿನ್ ಹಾರ್ಮೋನು ಮಿದುಳಿನ ಪಿಟ್ಯುಟರಿ ಗ್ರಂಥಿಯಿಂದ ಹೊರಬರುವುದನ್ನು ಮದ್ಯಸಾರ ತಡೆಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಗ್ಲೂಕೋಸ್ ದ್ರಾವಣಕ್ಕೆ ಸುಮಾರು ಶೇ. 10ರಷ್ಟು ಮದ್ಯಸಾರ ಬೆರೆಸಿ, ಮೊದಲ ಎರಡು ತಾಸು ವೇಗವಾಗಿ, ಆಮೇಲೆ ನಿಧಾನವಾಗಿ ರಕ್ತನಾಳಕ್ಕೆ ಹನಿಸುತ್ತಿದ್ದರು. ಹುಟ್ಟಿದಾರಭ್ಯ ಮದ್ಯ ಮುಟ್ಟದ ಹೆಂಗಸೂ ಆ ಮಂಚದ ಮೇಲೆ ನಶೆಯೇರಿ ತೊದಲುತ್ತಿದ್ದಳು, ವಾಂತಿ ಮಾಡುತ್ತಿದ್ದಳು, ತಲೆನೋವಿನಿಂದ ನರಳುತ್ತಿದ್ದಳು. ಮೂತ್ರದ ಮೇಲೂ ಹಿಡಿತ ತಪ್ಪುತ್ತಿತ್ತು. ವಾಂತಿ ಶ್ವಾಸಕೋಶಕ್ಕೆ ಇಳಿಯುವ ಭಯಕ್ಕೆ ನರ್ಸ್ ಪಕ್ಕದಲ್ಲೇ ಇರಬೇಕಾಗುತ್ತಿತ್ತು. ನೋವು ನಿಲ್ಲದೆ ಮಗು ಹುಟ್ಟಿಬಿಟ್ಟರೆ ಅದರ ರಕ್ತದಲ್ಲೂ ಮದ್ಯವಿರುತ್ತಿತ್ತು. ಮಗುವಿಗಾಗಿ ಆ ತಾಯಂದಿರು ಅನುಭವಿಸಿದ್ದು ಸಣ್ಣ ಹಿಂಸೆಯಲ್ಲ. ಗರ್ಭಿಣಿ ಮದ್ಯ ಸೇವಿಸಿದರೆ ಶಿಶುವಿಗೆ ಆಗುವ ಕೇಡನ್ನು ಅಮೆರಿಕದ ವೈದ್ಯರು 1973ರಲ್ಲಿ ವಿವರಿಸಿದ ಮೇಲೂ ಈ ಡ್ರಿಪ್ ಕೆಲವು ವರ್ಷ ಉಳಿಯಿತು.

ಅದರ ಜಾಗಕ್ಕೆ ಗರ್ಭಕೋಶದ ಸ್ನಾಯುವನ್ನು ಸಡಿಲಿಸುವ ಔಷಧಗಳು ಬಂದವು: ಐಸಾಕ್ಸುಪ್ರಿನ್, ಸಾಲ್ಬ್ಯುಟಮಾಲ್, ರಿಟೊಡ್ರಿನ್. ಇವು ಎದೆಬಡಿತ ಹೆಚ್ಚಿಸಿ, ಕೈ ನಡುಗಿಸಿ, ಒಮ್ಮೊಮ್ಮೆ ತಾಯಿಯ ಶ್ವಾಸಕೋಶದಲ್ಲಿ ನೀರು ತುಂಬಿಸುತ್ತಿದ್ದವು. ಅಮೆರಿಕ 1980ರಲ್ಲಿ ರಿಟೊಡ್ರಿನ್‌ಗೆ ಅನುಮತಿ ಕೊಟ್ಟಿತು. ಕೆನಡಾದಲ್ಲಿ 708 ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 1992ರಲ್ಲಿ ಹೊರಬಂತು. ಔಷಧ ಹೆರಿಗೆಯನ್ನು ಒಂದೆರಡು ದಿನ ಮುಂದೂಡುತ್ತಿತ್ತು. ಶಿಶುಮರಣವನ್ನು ಮಾತ್ರ ಕಡಿಮೆ ಮಾಡಿರಲಿಲ್ಲ. ಆ ಒಂದೆರಡು ದಿನಗಳಿಂದ ಏನು ಪ್ರಯೋಜನ ಎಂಬ ಪ್ರಶ್ನೆಗೆ ಉತ್ತರ ಅದಕ್ಕೂ ಇಪ್ಪತ್ತು ವರ್ಷ ಮೊದಲೇ ನ್ಯೂಜಿಲೆಂಡಿನಲ್ಲಿ ಸಿಕ್ಕಿತ್ತು.

ದಿನ ತುಂಬದ ಶಿಶುಗಳನ್ನು ಹೆಚ್ಚಾಗಿ ಬಲಿ ತೆಗೆದುಕೊಳ್ಳುತ್ತಿದ್ದುದು ಉಸಿರಾಟದ ತೊಂದರೆ. ಶ್ವಾಸಕೋಶದ ಗಾಳಿಚೀಲಗಳು ಮುದುಡದಂತೆ ಕಾಯುವ ಸರ್ಫ್ಯಾಕ್ಟೆಂಟ್ ಎಂಬ ಪದಾರ್ಥ ಈ ಶಿಶುಗಳಲ್ಲಿ ಸಾಲದು ಎಂದು ಮೇರಿ ಎಲೆನ್ ಏವರಿ ಮತ್ತು ಜೆರ್ ಮೀಡ್ 1959ರಲ್ಲಿ ತೋರಿಸಿದ್ದರು. ಕಾರಣ ತಿಳಿದರೂ ಮದ್ದಿರಲಿಲ್ಲ. 1963ರ ಆಗಸ್ಟ್‌ನಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ಐದೂವರೆ ವಾರ ಮೊದಲು ಹುಟ್ಟಿ, ಇದೇ ಕಾಯಿಲೆಯಿಂದ 39 ಗಂಟೆಗಳಲ್ಲಿ ತೀರಿಕೊಂಡ.

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿದ್ದ ವೈದ್ಯ ಗ್ರಹಾಂ ಲಿಗ್ಗಿನ್ಸ್ ಹುಡುಕುತ್ತಿದ್ದುದೇ ಬೇರೆ: ಹೆರಿಗೆಯನ್ನು ಆರಂಭಿಸುವುದು ತಾಯಿಯೋ, ಮಗುವೋ? ಗರ್ಭದಲ್ಲಿದ್ದ ಕುರಿಮರಿಗಳಿಗೆ ಸ್ಟಿರಾಯ್ಡ್ ಹಾರ್ಮೋನು ಕೊಟ್ಟಾಗ ಅವು ಅಕಾಲದಲ್ಲಿ ಹುಟ್ಟಿದವು. ಕುರಿಯ ಗರ್ಭಕಾಲ ಸುಮಾರು 150 ದಿನ. 117 ದಿನಕ್ಕೆ ಹುಟ್ಟಿದ ಒಂದು ಮರಿ ಬದುಕಬಾರದಿತ್ತು. ಆದರೂ ಲಿಗ್ಗಿನ್ಸ್ ಪ್ರಯೋಗಾಲಯಕ್ಕೆ ಬಂದಾಗ ಅದು ಇನ್ನೂ ಉಸಿರಾಡುತ್ತಿತ್ತು. ಸತ್ತ ಮೇಲೆ ಕೊಯ್ದು ನೋಡಿದರೆ ಶ್ವಾಸಕೋಶ ಭಾಗಶಃ ಅರಳಿತ್ತು. ಹಾರ್ಮೋನು ಶ್ವಾಸಕೋಶವನ್ನು ಬೇಗ ಬಲಿಸಿದೆ ಎಂದು ಅವರು ಊಹಿಸಿದರು. ಮಕ್ಕಳ ವೈದ್ಯ ರಾಸ್ ಹೋವಿ ಜೊತೆಗೂಡಿ ಬೀಟಾಮೆಥಸೋನ್ ಎಂಬ ಸ್ಟಿರಾಯ್ಡ್ ಇಂಜೆಕ್ಷನ್ನನ್ನು 24 ಗಂಟೆ ಅಂತರದಲ್ಲಿ ಎರಡು ಸಲ ತಾಯಂದಿರಿಗೆ ಕೊಟ್ಟು ಪರೀಕ್ಷಿಸಿದರು. ಅದು ಕೆಲಸ ಮಾಡುವಷ್ಟು ಹೊತ್ತು ಹೆರಿಗೆಯನ್ನು ತಡೆದು ಹಿಡಿಯಲು ಬಳಸಿದ್ದು ಮದ್ಯದ ಡ್ರಿಪ್ ಮತ್ತು ಸಾಲ್ಬ್ಯುಟಮಾಲ್! 1972ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಸ್ಟಿರಾಯ್ಡ್ ಪಡೆದ ಗುಂಪಿನ ಶಿಶುಗಳಲ್ಲಿ ಶೇ. 9ಕ್ಕೆ ಉಸಿರಾಟದ ತೊಂದರೆ. ಪಡೆಯದ ಗುಂಪಿನಲ್ಲಿ ಶೇ. 25.8ಕ್ಕೆ.

ಇಷ್ಟು ಸ್ಪಷ್ಟವಾದ ಫಲಿತಾಂಶವನ್ನು ಬಹುತೇಕ ಪ್ರಸೂತಿ ವೈದ್ಯರು ಎರಡು ದಶಕ ಬಳಸದೆ ಬಿಟ್ಟದ್ದು ಈ ಚರಿತ್ರೆಯ ಅತಿ ದುಃಖದ ಭಾಗ. ಪೆಟ್ರೀಷಿಯಾ ಕ್ರೌಲಿ ಮತ್ತು ಸಂಗಡಿಗರು ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ 1990ರಲ್ಲಿ ಲೆಕ್ಕ ಮುಂದಿಟ್ಟರು. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1994ರಲ್ಲಿ ಸ್ಟಿರಾಯ್ಡ್ ಬಳಕೆಗೆ ಒಪ್ಪಿಗೆಯ ಮುದ್ರೆ ಒತ್ತಿತು. ಅಲ್ಲಿಂದಾಚೆಗೆ ನೋವು ತಡೆಯುವ ಮದ್ದಿನ ಉದ್ದೇಶವೇ ಬದಲಾಯಿತು: ಸ್ಟಿರಾಯ್ಡ್ ಫಲ ಕೊಡಲು, ತಾಯಿಯನ್ನು ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಗೆ ಸಾಗಿಸಲು ಬೇಕಾದ 48 ಗಂಟೆ ಸಿಕ್ಕರೆ ಸಾಕು.

ಭಾರತ ಸರ್ಕಾರ 2014ರಲ್ಲಿ ಹೊರಡಿಸಿದ ಮಾರ್ಗಸೂಚಿ, 24ರಿಂದ 34 ವಾರದೊಳಗೆ ನೋವು ಬಂದವರಿಗೆ ಅಗ್ಗದ ಸ್ಟಿರಾಯ್ಡ್ ಡೆಕ್ಸಾಮೆಥಸೋನ್ ಕೊಡಲು ಸೂಚಿಸಿತು; ದೊಡ್ಡ ಆಸ್ಪತ್ರೆಗೆ ಕಳಿಸುವ ಮುನ್ನ ಮೊದಲ ಇಂಜೆಕ್ಷನ್ ಕೊಡಲು ಹಳ್ಳಿಯ ದಾದಿಯರಾದ ಎಎನ್ಎಂಗಳಿಗೂ ಅವಕಾಶ ನೀಡಿತು. ಆರು ದೇಶಗಳಲ್ಲಿ, ಭಾರತದ ಬೆಳಗಾವಿ ಮತ್ತು ನಾಗಪುರಗಳಲ್ಲೂ, ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಅದೇ ಹೊತ್ತಿಗೆ ಹೊರಬಂದು ಎಲ್ಲರನ್ನೂ ಎಚ್ಚರಿಸಿತು. ಹಳ್ಳಿಗಳ ಮಟ್ಟದಲ್ಲಿ ಸ್ಟಿರಾಯ್ಡ್ ಹಂಚಿಕೆ ಹೆಚ್ಚಿಸಿದಾಗ ಒಟ್ಟಾರೆ ಶಿಶುಮರಣ ಇಳಿಯುವ ಬದಲು ಏರಿತ್ತು, ತಾಯಂದಿರಲ್ಲಿ ಸೋಂಕೂ ಹೆಚ್ಚಿತ್ತು. ಗರ್ಭದ ವಾರ ಸರಿಯಾಗಿ ಗೊತ್ತಿಲ್ಲದೆ, ಅಗತ್ಯವಿಲ್ಲದ ಅನೇಕರಿಗೂ ಇಂಜೆಕ್ಷನ್ ಹೋಗಿತ್ತು. ಬಳಿಕ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ, ಬೆಳಗಾವಿಯದೂ ಸೇರಿದಂತೆ 29 ಆಸ್ಪತ್ರೆಗಳಲ್ಲಿ, ಸ್ಕ್ಯಾನಿಂಗ್‌ನಿಂದ ವಾರ ಖಚಿತಪಡಿಸಿಕೊಂಡು, 2852 ಮಹಿಳೆಯರ ಮೇಲೆ ಪರೀಕ್ಷೆ ನಡೆಸಿತು. 2020ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ ನವಜಾತ ಶಿಶುಮರಣ ಡೆಕ್ಸಾಮೆಥಸೋನ್ ಗುಂಪಿನಲ್ಲಿ ಶೇ. 19.6, ಇನ್ನೊಂದರಲ್ಲಿ ಶೇ. 23.5. 2022ರ ಶಿಫಾರಸಿನಲ್ಲಿ ಸಂಸ್ಥೆ ಸ್ಟಿರಾಯ್ಡ್‌ಗೆ ಷರತ್ತುಗಳನ್ನು ಹಾಕಿತು: ವಾರ ಖಚಿತವಾಗಿರಬೇಕು, ತಾಯಿಗೆ ಸೋಂಕಿರಬಾರದು, ಹೆರಿಗೆಗೂ ದಿನ ತುಂಬದ ಶಿಶುವಿನ ಆರೈಕೆಗೂ ಆಸ್ಪತ್ರೆ ಸಜ್ಜಾಗಿರಬೇಕು. ನೋವು ತಡೆಯಲು ನಿಫೆಡಿಪಿನ್ ಮಾತ್ರೆಗೆ ಆದ್ಯತೆ ಕೊಟ್ಟಿತು.