ದೂಷೀವಿಷವೂ ತುರ್ಕಿಯ ಬಿತ್ತನೆಗೋಧಿಯೂ

ಸುಶ್ರುತಸಂಹಿತೆಯ ಕಲ್ಪಸ್ಥಾನದಲ್ಲಿ ದೂಷೀವಿಷವೆಂಬುದರ ಪ್ರಸ್ತಾಪವಿದೆ. ಹಳತಾಗಿಯೋ, ಔಷಧಗಳಿಂದಲೋ, ಬೆಂಕಿ ಗಾಳಿ ಬಿಸಿಲುಗಳಿಂದಲೋ ವೀರ್ಯಗುಂದಿದ ವಿಷವು ಒಡನೆಯೇ ಪ್ರಾಣವನ್ನು ಹರಿಸದೆ, ಕಫದಿಂದ ಆವೃತವಾಗಿ, ವರ್ಷಗಟ್ಟಲೆ ದೇಹದಲ್ಲಿಯೇ ನೆಲಸಿ ಧಾತುಗಳನ್ನು ಕೆಡಿಸುತ್ತದೆಂಬುದು ಅಲ್ಲಿಯ ಅಭಿಪ್ರಾಯ. ಪ್ರಾಚೀನರು ಈ ಕಾಲದ ಕೀಟನಾಶಕ, ಶಿಲೀಂಧ್ರನಾಶಕಗಳನ್ನು ಅರಿತಿದ್ದರೆಂದು ನಾನು ಹೇಳುವುದಿಲ್ಲ. ಆದರೆ ವಿಷಕ್ಕೆ ಕಾದು ಕುಳಿತುಕೊಳ್ಳುವ ಸ್ವಭಾವವೊಂದುಂಟೆಂಬುದನ್ನು ಅವರು ಕಂಡಿದ್ದರು. ತುರ್ಕಿ ದೇಶದಲ್ಲಿ 1955ರಿಂದ 1959ರವರೆಗೆ ನಡೆದ ಸಂಗತಿಯು ಇದಕ್ಕೆ ಶೋಚನೀಯವಾದ ನಿದರ್ಶನವಾಗಿದೆ.

ಆ ದೇಶದ ಆಗ್ನೇಯ ಭಾಗದಲ್ಲಿ ದಿಯಾರ್‌ಬಕಿರ್, ಮಾರ್ದಿನ್, ಉರ್ಫಾ ಎಂಬ ಪ್ರಾಂತಗಳಿವೆ. ಗೋಧಿಗೆ ತಗಲುವ ಕಾಡಿಗೆ ರೋಗವನ್ನು ತಡೆಯುವುದಕ್ಕಾಗಿ ಹೆಕ್ಸಾಕ್ಲೋರೋಬೆಂಜೀನ್ ಎಂಬ ಶಿಲೀಂಧ್ರನಾಶಕವನ್ನು ಬೆರಸಿದ ಬಿತ್ತನೆಗೋಧಿಯನ್ನು ಸರ್ಕಾರವು ಅಲ್ಲಿ ಹಂಚಿತು. ಉದ್ದೇಶವು ಸಾಧುವಾದುದೇ. ಆದರೆ ಬೀಜವೂ ಕಾಳೂ ಹಸಿದವನ ಕಣ್ಣಿಗೆ ಬೇರೆಯಲ್ಲ. ಹೊಲಕ್ಕೆ ಬೀಳಬೇಕಾದ ಗೋಧಿಯು ಹಿಟ್ಟಾಗಿ ರೊಟ್ಟಿಯಾಯಿತು. ತಿಂದವರು ಅಂದೇ ಸಾಯಲಿಲ್ಲ. ಸಾಯಲಿಲ್ಲವಾದುದರಿಂದಲೇ ಮರುದಿನವೂ ತಿಂದರು.

ಕೆಲವು ತಿಂಗಳುಗಳಲ್ಲಿ ಬಿಸಿಲು ಬಿದ್ದ ಚರ್ಮವೆಲ್ಲ ಬೊಬ್ಬೆಯೆದ್ದು ಹುಣ್ಣಾಯಿತು, ಮೂತ್ರವು ಕೆಂಪಾಯಿತು, ಮೈ ಕಪ್ಪಿಟ್ಟು, ಎಳೆಯರ ಮುಖದಲ್ಲಿಯೂ ರೋಮ ಬೆಳೆಯಿತು. ರಕ್ತಕ್ಕೆ ಕೆಂಪನ್ನು ಕೊಡುವ ದ್ರವ್ಯವು ಸಿದ್ಧವಾಗುವ ಕ್ರಮವನ್ನು ಈ ವಿಷವು ಯಕೃತ್ತಿನಲ್ಲಿ ಕೆಡಿಸುತ್ತದೆ. ಅರೆಬರೆಯಾಗಿ ಉಳಿದ ಪಾರ್ಫಿರಿನ್ ಎಂಬ ದ್ರವ್ಯವು ಚರ್ಮದಲ್ಲಿ ಸೇರಿ, ಬೆಳಕು ತಾಗಿದೊಡನೆ ಸುಡುತ್ತದೆ. ಜನರು ಇದನ್ನು ‘ಕರಿಹುಣ್ಣು’ ಎಂಬರ್ಥದ ಹೆಸರಿನಿಂದ ಕರೆದರು. ಮೂರು ನಾಲ್ಕು ಸಾವಿರ ಮಂದಿ ಪೀಡಿತರಾದರು. ಅವರಲ್ಲಿ ಹೆಚ್ಚಿನವರು ಬಾಲಕರು.

ಇದಕ್ಕಿಂತಲೂ ದಾರುಣವಾದುದು ಮತ್ತೊಂದು. ರೊಟ್ಟಿಯನ್ನೇ ಕಾಣದ ಮೊಲೆಗೂಸುಗಳಿಗೆ ಮೈಮೇಲೆ ನಸುಗೆಂಪು ಗಂಧೆಗಳೆದ್ದು, ಜ್ವರ, ಭೇದಿ, ಸೆಳವುಗಳುಂಟಾದುವು. ಇದು ‘ನಸುಗೆಂಪು ಹುಣ್ಣು’. ಇದು ತಗಲಿದ ಶಿಶುಗಳು ಬದುಕಿದ್ದು ಅಪರೂಪ. ಕೆಲವು ಹಳ್ಳಿಗಳಲ್ಲಿ ಎರಡರಿಂದ ಐದು ವರ್ಷದ ಮಕ್ಕಳೇ ಇಲ್ಲದಂತಾಯಿತು. ಹೆಕ್ಸಾಕ್ಲೋರೋಬೆಂಜೀನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ನೆಲಸುತ್ತದೆ; ಆದುದರಿಂದ ತಾಯಿಯ ಮೈಯಲ್ಲಿ ಸಂಗ್ರಹವಾಗಿ ಹಾಲಿನೊಡನೆ ಇಳಿಯಿತು. ಅಮೃತವೆಂದು ನಾವು ಹೊಗಳುವ ಸ್ತನ್ಯವೇ ವಿಷದ ಹಾದಿಯಾಯಿತು.

ರೋಗಕ್ಕೂ ಬಿತ್ತನೆಗೋಧಿಗೂ ಇರುವ ಸಂಬಂಧವನ್ನು ತುರ್ಕಿಯ ವೈದ್ಯರು ಕಂಡುಹಿಡಿದ ಮೇಲೆ, 1959ರಲ್ಲಿ ಆ ಬೀಜೋಪಚಾರವು ನಿಂತಿತು. ಹೊಸ ರೋಗಿಗಳ ಬರವು ಕ್ರಮೇಣ ಅಡಗಿತು. ಸಾಮಾನ್ಯವಾಗಿ ಇತಿಹಾಸಕಾರನು ಇಲ್ಲಿಯೇ ಲೇಖನಿಯನ್ನು ಕೆಳಗಿಡುತ್ತಾನೆ.

ಆದರೆ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಡೆರೆಕ್ ಕ್ರಿಪ್ಸ್, ಹೆನ್ರಿ ಪೀಟರ್ಸ್ ಎಂಬವರೂ ತುರ್ಕಿಯ ವೈದ್ಯರೂ ಅಲ್ಲಿಗೇ ನಿಲ್ಲಲಿಲ್ಲ. ಇಪ್ಪತ್ತು ಮೂವತ್ತು ವರ್ಷಗಳ ಅನಂತರ ಅವರು 204 ಮಂದಿ ಹಳೆಯ ರೋಗಿಗಳನ್ನು ಪರೀಕ್ಷಿಸಿ, 1984ರಲ್ಲಿ ವರದಿಯನ್ನು ಪ್ರಕಟಿಸಿದರು. ಬಾಲಕರಾಗಿದ್ದವರು ಈಗ ನಡುವಯಸ್ಸಿನವರು. ಬಹುಮಂದಿಯ ಮುಖ ಕೈಗಳಲ್ಲಿ ಕಲೆಗಳು ಮಾದಿರಲಿಲ್ಲ. ಅನೇಕರ ಕೈಗಳು ಬೆಳೆಯದೆ ಕಿರಿದಾಗಿದ್ದುವು. ಬೆರಳ ಸಂದುಗಳು ನೋವಿಲ್ಲದೆಯೇ ವಿಕಾರಗೊಂಡಿದ್ದುವು. ಸುಮಾರು ಮೂವರಲ್ಲೊಬ್ಬರಿಗೆ ಕೊರಳಿನ ಥೈರಾಯ್ಡ್ ಗ್ರಂಥಿ ಊದಿತ್ತು. ಕೆಲವರ ದೇಹದಲ್ಲಿ ಪಾರ್ಫಿರಿನ್ ವಿಕಾರವು ಇನ್ನೂ ಶಮನವಾಗಿರಲಿಲ್ಲ. ಎಲ್ಲಕ್ಕಿಂತ ಗಮನಾರ್ಹವಾದುದೆಂದರೆ, ಅಲ್ಲಿಯ ತಾಯಂದಿರ ಹಾಲಿನಲ್ಲಿ ಆ ವಿಷವು ಹೊರಗಿನವರ ಹಾಲಿಗಿಂತ ಅನೇಕ ಪಟ್ಟು ಅಧಿಕವಾಗಿಯೇ ಇದ್ದಿತು.

2001ರಲ್ಲಿ ಸಿದ್ಧವಾದ ಸ್ಟಾಕ್‌ಹೋಮ್ ಒಪ್ಪಂದವು ಜಗತ್ತಿನಿಂದ ನಿವಾರಿಸಬೇಕೆಂದು ಮೊದಲು ಹೆಸರಿಸಿದ ಹನ್ನೆರಡು ದ್ರವ್ಯಗಳಲ್ಲಿ ಹೆಕ್ಸಾಕ್ಲೋರೋಬೆಂಜೀನ್ ಒಂದು. ಇದು ಸಂತೋಷದ ವಿಷಯವೇ ಸರಿ. ಆದರೂ ಬೇರೆ ಔಷಧಗಳನ್ನು ಲೇಪಿಸಿದ ಬಣ್ಣದ ಬಿತ್ತನೆಬೀಜಗಳು ನಮ್ಮ ರೈತರ ಮನೆಗಳಿಗೂ ಮುಂಗಾರಿಗೆ ಮುನ್ನ ಬರುತ್ತಿವೆ. ಮಿಕ್ಕ ಬೀಜವನ್ನು ಅಡುಗೆಮನೆಯಿಂದ ದೂರವಿಡಬೇಕೆಂಬುದನ್ನು ಓದುಬಲ್ಲವರು ಓದು ಬಾರದವರಿಗೆ ತಿಳಿಸಿ ಹೇಳುವುದು ಕರ್ತವ್ಯ.

ವಿಷಪ್ರಮಾದದ ಚರಿತ್ರೆಯನ್ನು ಬರೆಯುವವರಿಗೂ ಒಂದು ವಿಜ್ಞಾಪನೆ. ಆ ವರ್ಷದಲ್ಲಿ ಸತ್ತವರನ್ನು ಎಣಿಸಿದರೆ ಲೆಕ್ಕವು ಮುಗಿಯುವುದಿಲ್ಲ. ಬದುಕಿದವರ ಬೆರಳುಗಳನ್ನೂ, ಅವರಿಗೆ ಅನಂತರ ಹುಟ್ಟಿದ ಮಕ್ಕಳು ಕುಡಿದ ಹಾಲನ್ನೂ ಲೆಕ್ಕಕ್ಕೆ ತಂದುಕೊಳ್ಳಬೇಕು.